ಹಾಡಿಗೆ ಜವಾಬು ಕೊಡುತ್ತಿದ್ದ ಶಟ್ಟೆವ್ವ

ದೊಡವಾಡದ ಶಟ್ಟೆವ್ವನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರಲಾಗುತ್ತಿರಲಿಲ್ಲ. ಕೇಳಿದವರು ಎದುರಿಗಿದ್ದಾರೋ ಕ್ಯಾಸೆಟ್ಟಿನೊಳಗಿದ್ದಾರೋ ಎಂಬ ಭೇದವನ್ನು ಆಕೆ ಎಣಿಸುತ್ತಿರಲಿಲ್ಲ. ಬೈಲಹೊಂಗಲದ ಬಜಾರಿನಲ್ಲಿ ತ್ರ್ಯಂಬಕ ಕುಲಕರ್ಣಿಯವರ ‘ಸ್ವರಗಂಗಾ ಕ್ಯಾಸೆಟ್ ಸೆಂಟರ್’ ಇದ್ದಷ್ಟು ಕಾಲವೂ ಆಕೆ ಅದರ ಗಿರಾಕಿ. ನನ್ನದು ಅದರ ಪಕ್ಕದ ಭಾಂಡೆ ಅಂಗಡಿ, ಅಂದರೆ ಪಾತ್ರೆಗಳದು. ಎರಡರ ನಡುವೆ ಇದ್ದದ್ದು ಬರಿಯ ಹಲಗೆಯ ಗೋಡೆ. ಹಾಗಾಗಿ ಅಲ್ಲಿ ಆಡಿದ್ದೆಲ್ಲ ನನಗೆ ಕೇಳಿಸುತ್ತಿತ್ತು. ಕೇಳಿಸದೆ ಹೋದದ್ದನ್ನು ಎದ್ದು ಹೋಗಿ ಕೇಳಿಕೊಂಡು ಬರುತ್ತಿದ್ದೆ.

ಶಟ್ಟೆವ್ವ ಸಂತೆಯ ದಿನ ಬೆಣ್ಣೆ ಮಾರಲು ಬರುವವಳು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಎಮ್ಮೆಗಳನ್ನು ಕೂಗಿ ಕೂಗಿ ತಯಾರಾದ ಕಂಠ. ಗಂಡ ಮಡಿವಾಳೆಪ್ಪ ಒಳ್ಳೆಯ ಮನುಷ್ಯ. ಕುಡಿಯುವವನಲ್ಲ, ಬಡಿಯುವವನಲ್ಲ. ಮಾತಾಡುವವನೂ ಅಲ್ಲ. “ಇವತ್ತ ಪಲ್ಲೆ ಏನ ಮಾಡ್ಲಿ?” ಅಂದರೆ “ಹೂಂ” ಅನ್ನುತ್ತಿದ್ದ. “ಎಮ್ಮಿ ಕಟ್ಟಿದ್ರೇನು?” ಅಂದರೂ “ಹೂಂ.” ಹತ್ತಿ ಚೆನ್ನಾಗಿ ಬಂದ ಒಂದು ವರ್ಷ, ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು, ಆತ ಯಾರಿಗೂ ಹೇಳದೆ ಒಂದು ಟೇಪ್‌ರೆಕಾರ್ಡರ್ ತಂದು ಮನೆಯ ಗೋಡೆಯ ಮಾಡದಲ್ಲಿ ಇಟ್ಟ. ಯಾಕೆ ತಂದಿರಿ ಎಂದು ಶಟ್ಟೆವ್ವ ಕೇಳಿದಳು. “ಇರಲಿ” ಅಂದ. ಆ ವರ್ಷ ಆತ ಆಡಿದ ದೊಡ್ಡ ಮಾತು ಅದೇ ಎಂದು ಆಕೆ ಆಮೇಲೆ ನಮ್ಮ ಮುಂದೆ ಹೇಳಿಕೊಂಡು ನಕ್ಕಿದ್ದಳು.

ಆ ಯಂತ್ರ ಬಂದ ವಾರದೊಳಗೇ ತನ್ನ ಜೊತೆ ಬಂದಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ತಿಂದು ಹಾಕಿತು. ಮುಂದಿನ ಸಂತೆಗೆ ಶಟ್ಟೆವ್ವ ಬೆಣ್ಣೆ ಮಾರಿ, ಖಾಲಿ ಬುಟ್ಟಿಯಲ್ಲಿ ಆ ಕ್ಯಾಸೆಟ್ಟನ್ನೂ ಅದರಿಂದ ಹೊರಬಂದ ಕಪ್ಪು ರೀಲಿನ ಗೋಜಲನ್ನೂ ಇಟ್ಟುಕೊಂಡು ಸ್ವರಗಂಗಾದ ಮೆಟ್ಟಿಲು ಹತ್ತಿದಳು.

“ಯಪ್ಪಾ, ಇದರ ಕರಳು ಹೊರಗ ಬಿದ್ದಾವ. ಬದಕತೈತೇನ ನೋಡ್ರಿ.”

ತ್ರ್ಯಂಬಕ ಕುಲಕರ್ಣಿಯವರು ಸಣ್ಣ ಮೈಕಟ್ಟಿನ, ದಪ್ಪ ಕನ್ನಡಕದ, ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳದ ಮನುಷ್ಯ. ತಂದೆ ಪುರಾಣ ಹೇಳುತ್ತಿದ್ದವರು. ಇವರು ಪುರಾಣದ ಕ್ಯಾಸೆಟ್ ಮಾರುತ್ತಿದ್ದರು. ಅವರು ರೀಲನ್ನು ಮೇಜಿನ ಮೇಲೆ ಹರವಿ, ಒಂದೊಂದೇ ಸಿಕ್ಕು ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತಿ, ಸರಿಯಾಯಿತೇ ಎಂದು ನೋಡಲು ಅಂಗಡಿಯ ಟೇಪಿಗೆ ಹಾಕಿ ಹಚ್ಚಿದರು. ಅದೊಂದು ತತ್ವಪದ. ಹಾಡುವವನು ದೊಡ್ಡ ದನಿಯಲ್ಲಿ ಕೇಳಿದ:

“ಯಾ ಊರ ಬಿಟ್ಟು ಬಂದಿ, ಯಾ ಊರಿಗಿ ಹೊಂಟಿ ಮರುಳೇ...”

“ಮರುಳೆ ಯಾರಿಗಂತಿಯೋ?” ಎಂದಳು ಶಟ್ಟೆವ್ವ. “ದೊಡವಾಡದಿಂದ ಬಂದೇನಿ. ಐದರ ಬಸ್ಸಿಗೆ ಹೊಳ್ಳಿ ಹೊಂಟೇನಿ.”

ಕುಲಕರ್ಣಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಹಲಗೆಯ ಈಚೆ ನಾನು ಕೈಯಲ್ಲಿದ್ದ ತಂಬಿಗೆ ಬಿಟ್ಟುಬಿಟ್ಟೆ.

ಆವತ್ತಿನಿಂದ ಪ್ರತಿ ಸಂತೆಗೂ ಶಟ್ಟೆವ್ವ ಸ್ವರಗಂಗಾಕ್ಕೆ ಬರತೊಡಗಿದಳು. ಒಳಗೆ ಒಂದು ಕಟ್ಟಿಗೆಯ ಸ್ಟೂಲಿತ್ತು, ಅದು ಆಕೆಯದಾಯಿತು. ತ್ರ್ಯಂಬಕ ಎಂಬ ಹೆಸರು ಆಕೆಯ ಬಾಯಲ್ಲಿ ನಿಲ್ಲಲಿಲ್ಲ. ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲಕ್ಕೆ “ತಿಂಬಕಣ್ಣ” ಎಂದು ಇಟ್ಟುಕೊಂಡಳು. ಅವರು ಆಕೆಗೆ “ಶಟ್ಟೆವ್ವಕ್ಕ” ಅನ್ನುತ್ತಿದ್ದರು. ಆಕೆ ಕ್ಯಾಸೆಟ್ ಕೊಳ್ಳುವ ರೀತಿಯೇ ಬೇರೆ. ಮೊದಲು ಇಡೀ ಒಂದು ಮಗ್ಗುಲು ಹಚ್ಚಿಸಿಕೊಂಡು ಕೇಳಬೇಕು, ಹಾಡಿನವನ ಜೊತೆ ಮಾತಾಡಬೇಕು, ಆತ ತನಗೆ ಸರಿಹೊಂದುವ ಮನುಷ್ಯನೇ ಎಂದು ನೋಡಬೇಕು. ಆಮೇಲೆ ವ್ಯಾಪಾರ.

ನಾಟಕದ ಕ್ಯಾಸೆಟ್ಟಾದರೆ ಇನ್ನೂ ಕಷ್ಟ. ಒಂದರಲ್ಲಿ ದುಷ್ಟ ಗೌಡನೊಬ್ಬ ಗುಡುಗುತ್ತಿದ್ದ: “ಎಲ್ಲಿ ಅಡಗ್ಯಾಳ ಅಕಿ? ಹೇಳ್ರಿ!” ಶಟ್ಟೆವ್ವ ತುಟಿ ಬಿಗಿದು, “ಹೇಳಂಗಿಲ್ಲ” ಎಂದಳು. ಅಲ್ಲಿ ನಿಂತಿದ್ದ ಒಬ್ಬ ಗಿರಾಕಿ ಆ ನಾಟಕ ನೋಡಿದವನು. “ಬಣವಿ ಹಿಂದ ಅದಾಳಲ್ಲರಿ” ಎಂದು ಬಾಯಿ ಬಿಡುವುದಕ್ಕೂ ಆಕೆ ಎದ್ದು ಹೋಗಿ ಆತನ ಬಾಯಿಗೆ ಸೆರಗು ಒತ್ತುವುದಕ್ಕೂ ಸರಿಹೋಯಿತು. “ಮನಿಮುರಕಾ! ಅಂವಗ ಕೇಳಿಸಿದ್ರ?”

ಇನ್ನೊಮ್ಮೆ ನೇಸರಗಿಯ ಒಬ್ಬ ಹುಡುಗ ಹೊಸ ಪ್ರೇಮಗೀತೆಗಳ ಕ್ಯಾಸೆಟ್ ಕೇಳಲು ಬಂದ. ಹಚ್ಚಿದರು. ನಾಯಕ “ಬರತೀಯಾ, ನನ್ನ ಜೋಡಿ ಬರತೀಯಾ” ಎಂದು ಸುತ್ತಿ ಸುತ್ತಿ ಕೇಳುತ್ತಿದ್ದ. ಮೊದಲ ಸಲ ಶಟ್ಟೆವ್ವ “ಅಕಿನ್ನ ಕೇಳಪಾ” ಎಂದಳು. ಎರಡನೆಯ ಸಲ “ಅಕಿ ವಿಚಾರ ಮಾಡಾಕತ್ತಾಳ, ತಡಿ” ಎಂದಳು. ಮುಂದೆ ತಡೆಯಲಾಗಲಿಲ್ಲ. “ಅಕಿ ಸುಮ್ಮ ಅದಾಳಂದ್ರ ಬರಂಗಿಲ್ಲ ಅಂತನ. ಮತ್ತ ಮತ್ತ ಯಾಕ ಕೇಳ್ತಿಯೋ? ಮನ್ಯಾಗ ದಗದ ಇಲ್ಲೇನು ನಿನಗ?” ಎಂದು ಗದರಿಸಿ ಹುಡುಗನ ಕಡೆ ತಿರುಗಿದಳು. “ತಮ್ಮಾ, ಇಂಥಾಂವನ ಕ್ಯಾಸೆಟ್ ಮನಿಗೆ ಒಯ್ಯಬ್ಯಾಡ. ಮನ್ಯಾಗ ಅಕ್ಕತಂಗೇರು ಇರತಾರ.” ಹುಡುಗ ಕ್ಯಾಸೆಟ್ ಕೆಳಗಿಟ್ಟು ಹೊರಟೇಹೋದ.

ಕುಲಕರ್ಣಿಯವರ ಹೆಂಡತಿ ನರ್ಮದಾಬಾಯಿಗೆ ಇದು ಸೇರುತ್ತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಬಾಗಿಲಿಗೆ ಬಂದು ಹೇಳುತ್ತಿದ್ದರು: “ಅಲ್ರೀ, ಇಕಿ ಗಿರಾಕಿನೋ ಏನ ಗಿರಾಕಿ ಓಡಸಾಕಿನೋ?”

“ಹಾಂಗನಬ್ಯಾಡ. ಅಕಿ ಹಾಡು ಕೇಳತಾಳ” ಎನ್ನುತ್ತಿದ್ದರು ಕುಲಕರ್ಣಿಯವರು. “ಉಳಿದವ್ರು ಬರೇ ಹಚ್ಚತಾರ.”

ಒಂದು ಸಲ ಶಟ್ಟೆವ್ವ ಕೊಂಡ ಕ್ಯಾಸೆಟ್ಟನ್ನು ಮುಂದಿನ ವಾರ ಮರಳಿ ತಂದಳು. ರೀಲು ಸರಿಯಿತ್ತು, ದನಿ ಸರಿಯಿತ್ತು.

“ಏನಾಗೇದ ಇದಕ್ಕ?”

“ಮನಿಷಾ ಛಲೋ ಇಲ್ಲ ತಿಂಬಕಣ್ಣ. ಕೇಳ್ತಾನ, ಜವಾಬಿಗೆ ತಡಿಯಂಗಿಲ್ಲ. ನಾ ಬಾಯಿ ತೆಗಿಯೂದ್ರಾಗ ಮತ್ತೊಂದು ಕೇಳಿರತಾನ. ಇಂಥವರ ಜೋಡಿ ಏನ ಮಾತಾಡೂದ್ರಿ? ಸಮಾಧಾನದಾಂವ ಒಬ್ಬಾಂವನ್ನ ಕೊಡ್ರಿ.”

ಬೇರೆ ಅಂಗಡಿಯವನಾದರೆ ಕೈಮುಗಿದು ಕಳಿಸುತ್ತಿದ್ದ. ಕುಲಕರ್ಣಿಯವರು ಇಡೀ ಮಧ್ಯಾಹ್ನ ಕಪಾಟು ಹುಡುಕಿ, ಧೂಳು ಹಿಡಿದ ಒಂದು ಭಜನೆಯ ಕ್ಯಾಸೆಟ್ ತೆಗೆದರು. ಅದರಲ್ಲಿ ಹಾಡುವವನಿಗೆ ದಮ್ಮಿನ ತೊಂದರೆ ಇತ್ತೋ ಏನೋ, ಒಂದು ಪ್ರಶ್ನೆ ಕೇಳಿದನೆಂದರೆ ಹಾರ್ಮೋನಿಯಂನವನು ಸವದತ್ತಿಯ ಗುಡ್ಡ ಹತ್ತಿ ಇಳಿದು ಬರುವಷ್ಟು ಹೊತ್ತು ನುಡಿಸುತ್ತಿದ್ದ. ಅಷ್ಟರಲ್ಲಿ ಶಟ್ಟೆವ್ವ ಉತ್ತರ ಕೊಟ್ಟು, ಉದಾಹರಣೆ ಕೊಟ್ಟು, ತನ್ನ ಕಡೆಯಿಂದಲೂ ಆತನಿಗೆ ಒಂದೆರಡು ಪ್ರಶ್ನೆ ಕೇಳಬಹುದಾಗಿತ್ತು. “ಇಂವ ನೋಡ್ರಿ ಮನಿಷಾ!” ಎಂದು ಆಕೆ ಅದನ್ನು ಎದೆಗೆ ಒತ್ತಿಕೊಂಡು ಒಯ್ದಳು.

“ಮನ್ಯಾಗ ಟೇಪ್ ಅದ ಅಲ್ಲಾ, ಅಲ್ಲೇ ಕುಂತು ಕೇಳಬಾರದೇನು?” ಎಂದು ನರ್ಮದಾಬಾಯಿ ಒಮ್ಮೆ ನೇರವಾಗಿಯೇ ಕೇಳಿದರು.

“ಮನ್ಯಾಗ ನಮ್ಮಾಂವ ಇರತಾನ್ರಿ ವೈನಿ. ನಾನೂ ಹಾಡಾಂವನೂ ಮಾತಾಡೂಮುಂದ ಮೂರನೇದಾಂವ ಸುಮ್ಮ ಕುಂತ್ರ ಮಾತಿಗೆ ರುಚಿ ಬರಂಗಿಲ್ಲ. ಇಲ್ಲಿ ಅಣ್ಣ ನಗತಾನ, ಭಾಂಡೇದವರು ಹಣಿಕಿ ಹಾಕತಾರ, ನೀವು ಸಿಟ್ಟಾಗತೀರಿ. ಅಂಗಡಿ ಅಂದ್ರ ಹಿಂಗ ಇರಬೇಕ್ರಿ.”

ನರ್ಮದಾಬಾಯಿಯವರಿಗೆ ಸಿಟ್ಟಾಗಬೇಕೋ ಬೇಡವೋ ತಿಳಿಯಲಿಲ್ಲ. ಒಳಗೆ ಹೋದರು.

ತೊಂಬತ್ತಾರರ ಹೊತ್ತಿಗೆ ಕುಲಕರ್ಣಿಯವರು ಎರಡು ಕ್ಯಾಸೆಟ್ ಹಿಡಿಯುವ ದೊಡ್ಡ ಡೆಕ್ಕೊಂದನ್ನು ತಂದರು. ಗಿರಾಕಿಗೆ ಬೇಕಾದ ಹಾಡುಗಳನ್ನು ಆರಿಸಿ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಕೆಲಸ ಆಗ ಜೋರಾಗಿತ್ತು. ಡೆಕ್ಕಿಗೆ ಒಂದು ಮೈಕೂ ಇತ್ತು. ಊರ ಭಜನಾ ಮೇಳದವರು ಬಂದರೆ ಅದರಲ್ಲಿ ಹಾಡಿಸಿಕೊಳ್ಳುತ್ತಿದ್ದರು. ಯರಗಟ್ಟಿಯ ಅಡತಿ ವ್ಯಾಪಾರಿ ರಾಮಲಿಂಗಪ್ಪನವರು ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ದಿನ ಮೈಕಿನಲ್ಲಿ ಹಚ್ಚಲು ಒಳ್ಳೊಳ್ಳೆಯ ತತ್ವಪದಗಳನ್ನು ತುಂಬಿಕೊಡಿ ಎಂದು ಹೇಳಿಹೋದರು. ಕುಲಕರ್ಣಿಯವರು ಸಂತೆಯ ದಿನವೇ ಆ ಕೆಲಸಕ್ಕೆ ಕೂತರು. ಡೆಕ್ಕಿನ ಮೈಕಿನ ಗುಂಡಿ ಚಾಲೂ ಇತ್ತು. ಅವರು ನೋಡಲಿಲ್ಲ. ಶಟ್ಟೆವ್ವ ಸ್ಟೂಲಿನ ಮೇಲಿದ್ದಳು.

ಯರಗಟ್ಟಿಯಲ್ಲಿ ಆದದ್ದನ್ನು ಅಲ್ಲಿದ್ದವರೇ ಬಂದು ನನಗೆ ಹೇಳಿದ್ದಾರೆ. ಹಂದರ ಹಾಕಿತ್ತು, ಜನ ಹುಗ್ಗಿಗೆ ಕೂತಿದ್ದರು. ದೊಡ್ಡ ಖುರ್ಚಿಯಲ್ಲಿ ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇವಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದ ಭೋಂಗಾದಲ್ಲಿ ಹಾಡುಗಾರ ದೇಹವೆಂಬ ಮನೆಯ ಬಗ್ಗೆ ಹಾಡುತ್ತಿದ್ದ:

“ಒಂಬತ್ತು ಬಾಗಿಲ ಮನಿಯಾಗ ಮೈಮರೆತು ಮಲಗೀದಿ, ಒಳಗ ಬರವರು ಯಾರೋ...”

ಕೂಡಲೇ ಭೋಂಗಾದಿಂದ ಒಂದು ಹೆಣ್ಣು ದನಿ ಹೊರಟಿತು: “ನಾಯಿ ಬರತಾವ. ಬಾಗಲಾ ಹಾಕೊಳ್ರಿ! ನಮ್ಮನ್ಯಾಗ ಒಂದ ಬಾಗಲಾ ಐತಿ, ಅದನ್ನ ಹಾಕೊ ಅಂದ್ರ ನಮ್ಮಾಂವ ಹಾಕೊಳ್ಳಂಗಿಲ್ಲ. ಒಂಬತ್ತು ಬಾಗಲಾ ಯಾಂವ ಹಾಕಬೇಕೋ ತಮ್ಮಾ?”

ಹುಗ್ಗಿ ಬಡಿಸುವವನು ಸೌಟು ಎತ್ತಿ ಹಿಡಿದು ನಿಂತುಬಿಟ್ಟ. ಅಡಿಗೆಮನೆಯಿಂದ ಯಾರೋ ಹೆಂಗಸು ನಿಜವಾಗಿಯೂ ಓಡಿಬಂದು ಹಿತ್ತಲ ಬಾಗಿಲು ಹಾಕಿದಳಂತೆ.

ಮರುದಿನ ರಾಮಲಿಂಗಪ್ಪನವರ ಮೋಟರ್‌ಸೈಕಲ್ ಸ್ವರಗಂಗಾದ ಮುಂದೆ ನಿಂತಿತು. ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಕುಲಕರ್ಣಿಯವರು ಎದ್ದು ನಿಂತು, “ತಪ್ಪಾಗೇದ್ರಿ, ಮೈಕು ಚಾಲೂ ಉಳದಿತ್ತು” ಎಂದು ಶುರುಮಾಡಿದರು.

“ಅದಿರಲಿ, ಆ ತಾಯಿ ಯಾರ್ರಿ?” ಎಂದರು ರಾಮಲಿಂಗಪ್ಪ. “ನಮ್ಮ ಅಜ್ಜಾರು ಅದನ್ನ ಹಿಡಕೊಂಡು ಆಶೀರ್ವಚನ ಕೊಟ್ಟಬಿಟ್ರು. ನಾಯಿ ಅಂದ್ರ ಆಶಾ ಅಂತ. ಬಾಗಲಾ ಅಂದ್ರ ಇಂದ್ರಿಯ ಅಂತ. ‘ನಮ್ಮಾಂವ’ ಅಂದ್ರ ಮನಸ್ಸು, ಅಂವ ಹೇಳಿದ್ದು ಕೇಳಂಗಿಲ್ಲ ಅಂತ. ಮಂದಿ ಕಣ್ಣಾಗ ನೀರು ತಂದ್ರು. ಅಜ್ಜಾರಿಗೊಂದು, ನಮ್ಮ ಬೀಗರಿಗೊಂದು, ಇನ್ನೂ ನಾಕು ಮಂದಿಗೆ ಬೇಕಂತ. ತುಂಬಿಕೊಡ್ರಿ.”

ಹೀಗೆ ‘ಯರಗಟ್ಟಿ ಕ್ಯಾಸೆಟ್’ ಹುಟ್ಟಿತು. ಕಿತ್ತೂರಿನಿಂದ ಜನ ಬಂದರು, ಸವದತ್ತಿಯಿಂದ ಬಂದರು. ಹೆಸರು ಗೊತ್ತಿಲ್ಲದವರು “ಆ ನಾಯಿ ಬರತಾವ ಅನ್ನೂದು ಐತೇನ್ರಿ?” ಎಂದು ನನ್ನ ಅಂಗಡಿಗೂ ಬಂದು ಕೇಳಿದರು. ಆದರೆ ಈ ಸಂಗತಿಯನ್ನು ಶಟ್ಟೆವ್ವನಿಗೆ ಹೇಳುವ ಧೈರ್ಯ ಮಾತ್ರ ಕುಲಕರ್ಣಿಯವರಿಗೆ ಆಗಲಿಲ್ಲ. ನರ್ಮದಾಬಾಯಿ ಸಂತೆಯ ದಿನ ತಾವೇ ಚಹಾ ತಂದುಕೊಡತೊಡಗಿದರು. ಒಮ್ಮೆ ಚಕ್ಕುಲಿಯನ್ನೂ ಕೊಟ್ಟರು. ಶಟ್ಟೆವ್ವ ಚಕ್ಕುಲಿಯನ್ನು ಹಿಂದೆ ಮುಂದೆ ತಿರುವಿ ನೋಡಿದಳು.

“ವೈನಿ, ಅರಾಮ ಅದೀರಿಲ್ಲ?”

ಕಡೆಗೆ ಆಕೆಗೆ ಗೊತ್ತಾದದ್ದು ದಾರಿಯಲ್ಲಿ. ಒಂದು ಸಂತೆಯ ದಿನ ಬಸ್ಸು ತಪ್ಪಿಸಿಕೊಂಡು ಪರಸಪ್ಪನ ಟೆಂಪೊ ಹತ್ತಿದಳು. ಪರಸಪ್ಪ ಹಾಡು ಹಚ್ಚಿದ. ಹಾಡುಗಾರ ಯಾವ ಊರಿಗೆ ಹೊಂಟಿ ಎಂದು ಕೇಳಿದ. ಶಟ್ಟೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಹೆಂಗಸು ಆಕೆಗಿಂತ ಮೊದಲೇ ಉತ್ತರ ಕೊಟ್ಟುಬಿಟ್ಟಳು.

ಶಟ್ಟೆವ್ವ ಟೆಂಪೊ ಒಳಗೆ ಸುತ್ತಲೂ ನೋಡಿದಳು. ಎಲ್ಲರ ಬಾಯಿಯೂ ಮುಚ್ಚಿತ್ತು. ಮುಂದಿನ ಪ್ರಶ್ನೆ ಬಂತು. ಮತ್ತೆ ಆ ಹೆಂಗಸೇ ಮುಂದೆ.

“ಯಾರಾಕಿ? ನಡುವ ಬಾಯಿ ಹಾಕಾಕಿ?”

“ಬೇ, ಸುಮ್ಮ ಕುಂದರು. ಅಕಿ ಜವಾಬು ಕೇಳೂಣು” ಎಂದ ಪರಸಪ್ಪ.

“ನಾ ಕೊಡಾಕತ್ತೇನಲ್ಲೋ ಜವಾಬು! ಅಕೀದೇನ ಕೇಳ್ತಿ?”

“ಅಕಿ ಛಲೋ ಕೊಡ್ತಾಳ ಬೇ.”

ದೊಡವಾಡ ಮುಟ್ಟುವವರೆಗೆ ಶಟ್ಟೆವ್ವ ಆ ಹೆಂಗಸಿನ ಜೊತೆ ಜಗಳಾಡಿದಳು. ಮುಂದಿನ ಸಂತೆಗೆ ಬೆಣ್ಣೆ ಬುಟ್ಟಿಯನ್ನು ಹಾಗೆಯೇ ಹೊತ್ತುಕೊಂಡು ನೇರವಾಗಿ ಸ್ವರಗಂಗಾಕ್ಕೆ ಬಂದಳು. ಮುಖ ಕೆಂಪಾಗಿತ್ತು.

“ತಿಂಬಕಣ್ಣ, ಖರೆ ಹೇಳ್ರಿ. ನಾ ಇಲ್ಲದಾಗ ನನ್ನ ಸ್ಟೂಲಿನ ಮ್ಯಾಲ ಯಾರನ್ನ ಕುಂದರಸತೀರಿ?”

“ಯಾರನ್ನೂ ಇಲ್ಲ ಶಟ್ಟೆವ್ವಕ್ಕ.”

“ಸುಳ್ಳು! ಕ್ಯಾಸೆಟ್ಟಿನ್ಯಾಗ ಕೇಳೇನಿ ನಾ. ಅಕಿ ದನಿ ಸೈತ ಏನ ಛಂದಿಲ್ಲ, ಒಡಕ ಜಾಗಟಿ! ನಾ ಕಲಿಸಿದ್ದ ಮಾತು ಕದ್ದು ನನ್ನಕಿಂತ ಮೊದಲ ಹೇಳತಾಳ.”

ಕುಲಕರ್ಣಿಯವರು ನಿಜ ಹೇಳಿದರು. ಅದು ನಿಮ್ಮದೇ ದನಿ ಎಂದರು. ಆಕೆ ನಂಬಲಿಲ್ಲ. ನಾನೂ ಹೋಗಿ ಆಣೆ ಮಾಡಿದೆ. ನನ್ನನ್ನು ಮೊದಲೇ ನಂಬುತ್ತಿರಲಿಲ್ಲ. ಕಡೆಗೆ ಕುಲಕರ್ಣಿಯವರು ಮೈಕನ್ನು ಆಕೆಯ ಮುಂದೆ ಹಿಡಿದು, “ಏನರೆ ಮಾತಾಡ್ರಿ” ಎಂದರು.

“ಏನ ಮಾತಾಡ್ಲಿ? ಇವತ್ತ ಬೆಣ್ಣಿ ಇನ್ನೂ ಮಾರಿಲ್ಲ. ಹ್ವಾದ ವಾರ ಭಾಂಡೇದವರು ಬಾಳ ಚೌಕಾಶಿ ಮಾಡಿದ್ರು.”

ರೀಲು ಹಿಂದೆ ಸುತ್ತಿ ಹಚ್ಚಿದರು. ಡೆಕ್ಕು “ಏನ ಮಾತಾಡ್ಲಿ?” ಎಂದು ಕೇಳಿತು.

“ಏನರ ಮಾತಾಡವಾ, ಯಾಕ ನಾಚತಿ?” ಎಂದಳು ಶಟ್ಟೆವ್ವ.

“ಹ್ವಾದ ವಾರ ಭಾಂಡೇದವರು ಬಾಳ ಚೌಕಾಶಿ ಮಾಡಿದ್ರು” ಎಂದಿತು ಡೆಕ್ಕು.

“ಅಯ್ಯ, ನಿನಗೂ ಮಾಡಿದ್ರ?” ಎಂದ ಶಟ್ಟೆವ್ವ ಅಷ್ಟಕ್ಕೇ ನಿಂತಳು. ಡೆಕ್ಕನ್ನು ನೋಡಿದಳು, ಮೈಕನ್ನು ನೋಡಿದಳು, ನನ್ನನ್ನು ನೋಡಿದಳು. ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು.

“ಯವ್ವಾ ನನ ಶಿವನ! ಇದು ನಾನ.”

ಸಿಟ್ಟಾಗುತ್ತಾಳೆಂದು ನಾವು ಕಾದೆವು. ಸಿಟ್ಟಾಗಲಿಲ್ಲ. “ನಾ ಹಿಂಗ ಮಾತಾಡತೇನಂತ ಇಷ್ಟ ವರ್ಷ ಒಬ್ಬರರ ಹೇಳಬಾರದೇನ್ರಿ?” ಎಂದಳು. “ಇರಲಿ. ಇನ್ನ ಮ್ಯಾಲ ಛಂದಂಗ ಮಾತಾಡತೇನಿ.”

ಆ ಮಾತು ಕೇಳಿದಾಗಲೇ ನಮಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಬದಲಿಗೆ ಕುಲಕರ್ಣಿಯವರಿಗೆ ಹುರುಪು ಬಂತು. ಕದ್ದು ಮಾರುವುದಕ್ಕಿಂತ ಶಟ್ಟೆವ್ವಕ್ಕನ ಹೆಸರಿನಲ್ಲೇ ಒಂದು ಸರಿಯಾದ ಕ್ಯಾಸೆಟ್ ತರೋಣ ಎಂದರು. ಊರ ಭಜನಾ ಮೇಳದ ಬಸವಲಿಂಗ ಪ್ರಶ್ನೆಗಳನ್ನು ಹಾಡುವುದು, ಆಕೆ ಉತ್ತರ ಕೊಡುವುದು. ‘ಶಟ್ಟೆವ್ವನ ಜವಾಬುಗಳು’ ಎಂದು ಹೆಸರಿಟ್ಟರು. ರಟ್ಟಿನ ಮೇಲೆ ಹಾಕಲು ಫೋಟೋ ಬೇಕಾಯಿತು. ಸ್ಟುಡಿಯೋದಲ್ಲಿ ಶಟ್ಟೆವ್ವ ಹೊಸ ಇಳಕಲ್ಲ ಸೀರೆ ಉಟ್ಟು, ಬಣ್ಣದ ಜಲಪಾತದ ಪರದೆಯ ಮುಂದೆ, ಅಲ್ಲಿಟ್ಟಿದ್ದ ತಂತಿಯಿಲ್ಲದ ಟೆಲಿಫೋನನ್ನು ಕಿವಿಗೆ ಹಿಡಿದು ತೆಗೆಸಿಕೊಂಡಳು. ಟೆಲಿಫೋನ್ ಯಾಕೆ ಎಂದರೆ, “ಜವಾಬು ಅಂದಮ್ಯಾಲ ಬ್ಯಾಡೇನು?” ಎಂದಳು.

ರೆಕಾರ್ಡಿಂಗ್ ದಿನ ನರ್ಮದಾಬಾಯಿ ರಸ್ತೆಯ ಸದ್ದು ಬಾರದಂತೆ ಬಾಗಿಲಿಗೆ ಚಾದರ ಕಟ್ಟಿದರು. ಬಸವಲಿಂಗ ಹಾರ್ಮೋನಿಯಂ ಹಿಡಿದು ಯಾವ ಊರು ಬಿಟ್ಟು ಬಂದಿ ಎಂದು ಹಾಡಿದ. ಶಟ್ಟೆವ್ವ ಗಂಟಲು ಸರಿಮಾಡಿಕೊಂಡು, ಧಾರವಾಡ ಆಕಾಶವಾಣಿಯಲ್ಲಿ ವಾರ್ತೆ ಓದುವ ಹಾಗೆ ಹೇಳಿದಳು:

“ನಮಸ್ಕಾರ. ನಾನು ಬೆಳಗಾವಿ ಜಿಲ್ಲೆ, ಬೈಲಹೊಂಗಲ ತಾಲೂಕಿನ ದೊಡವಾಡ ಗ್ರಾಮದಿಂದ ಬಂದಿರುತ್ತೇನೆ. ವಂದನೆಗಳು.”

ಬಸವಲಿಂಗನ ಬೆರಳು ತಪ್ಪಿತು. ಸಾವರಿಸಿಕೊಂಡು, ಒಂಬತ್ತು ಬಾಗಿಲ ಮನೆಯೊಳಗೆ ಬರುವವರು ಯಾರು ಎಂದು ಕೇಳಿದ.

“ಶ್ವಾನಗಳು ಬರುವ ಸಂಭವ ಇರುತ್ತದೆ. ಆದಕಾರಣ ಸಾರ್ವಜನಿಕರು ಬಾಗಿಲುಗಳನ್ನು ಹಾಕಿಕೊಳ್ಳತಕ್ಕದ್ದು.”

“ಶಟ್ಟೆವ್ವಕ್ಕ,” ಕುಲಕರ್ಣಿಯವರು ಮೆಲ್ಲಗೆ ಅಂದರು, “ದಿನಾ ಮಾತಾಡಿಧಾಂಗ ಮಾತಾಡ್ರಿ.”

“ಹೋಗ್ರಿ ಅಣ್ಣ! ಮಂದಿ ಕೇಳತಾರ. ಹಂಗ ಮಾತಾಡಿದ್ರ ದೊಡವಾಡದ ಮರ್ಯಾದಿ ಏನಾಗಬೇಕು?”

ಎರಡು ಮಗ್ಗುಲೂ ಹೀಗೆಯೇ ತುಂಬಿತು. ಕ್ಯಾಸೆಟ್ ಬಂತು. ಕೊಂಡವರು ಮರುವಾರ ಬಂದು, “ಇದಲ್ರಿ, ಆ ಬೈಯಾಕಿದು ಕೊಡ್ರಿ” ಎಂದು ಮರಳಿಸಿದರು. ಯರಗಟ್ಟಿಯ ಅಜ್ಜಾರಿಗೂ ಒಂದು ಹೋಗಿತ್ತು. ಶ್ವಾನಕ್ಕೆ ಅವರು ಯಾವ ಅರ್ಥವನ್ನೂ ಹೇಳಲಿಲ್ಲವಂತೆ. ಉಳಿದ ಡಬ್ಬಿಗಳನ್ನೆಲ್ಲ ಶಟ್ಟೆವ್ವ ಮನೆಗೆ ಒಯ್ದು ಅಟ್ಟದ ಮೇಲಿಟ್ಟಳು. ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತಿಗೆ ಮಡಿವಾಳೆಪ್ಪ ಅಟ್ಟ ಹತ್ತಿ ಅವುಗಳನ್ನು ಇಳಿಸಿದ, ರೀಲುಗಳನ್ನೆಲ್ಲ ಎಳೆದು ಹೊಲದ ತುಂಬ ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದ. ಗಾಳಿ ಬೀಸಿದರೆ ಇಡೀ ಹೊಲ ಗುಂಯ್ ಎನ್ನುತ್ತಿತ್ತು. ಒಂದು ಹಕ್ಕಿಯೂ ಹತ್ತಿರ ಸುಳಿಯಲಿಲ್ಲ. ಆಚೀಚಿನ ಹೊಲದವರು ಬಂದು, “ಇನ್ನೂ ಅದಾವೇನ್ರಿ?” ಎಂದು ಕೇಳಿದರು.

“ಮಂದಿಗೂ ಹಕ್ಕಿಗೂ ಒಂದ ಬುದ್ಧಿ ನೋಡ್ರಿ” ಎಂದಳು ಶಟ್ಟೆವ್ವ ನಮ್ಮ ಮುಂದೆ. ಅಷ್ಟೇನೂ ಬೇಸರವಿದ್ದಂತೆ ಕಾಣಲಿಲ್ಲ. ಆದರೆ ಅಂಗಡಿಯಲ್ಲಿ ಮಾತ್ರ ಬಾಯಿ ಕಟ್ಟಿದಂತಾಗಿತ್ತು. ಸ್ಟೂಲಿನ ಮೇಲೆ ಕೂರುವಳು, ಹಾಡು ಕೇಳುವಳು. ಪ್ರಶ್ನೆ ಬಂದರೆ ತುಟಿ ಅಲುಗಾಡುವುದು, ಕಣ್ಣು ಮೈಕಿನ ಕಡೆ ಹೋಗುವುದು, ಬಾಯಿ ಮುಚ್ಚುವುದು. ಗಿರಾಕಿಗಳು ಕೊಂಡು ಸುಮ್ಮನೆ ಹೋಗುತ್ತಿದ್ದರು. ಎಲ್ಲಕ್ಕಿಂತ ಮೊದಲು ತಾಳ್ಮೆಗೆಟ್ಟವರು ನರ್ಮದಾಬಾಯಿ. ಒಂದು ದಿನ ಹೊರಗೆ ಬಂದು, ಮೈಕಿನ ತಂತಿಯನ್ನು ಕಿತ್ತು, ಅದನ್ನು ಒಯ್ದು ಅಡಿಗೆಮನೆಯ ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರು.

“ಈಗ ಮಾತಾಡ್ರಿ. ನನಗ ತಲಿ ಶೂಲಿ ಎದ್ದದ ಈ ಶಾಂತತಾದಾಗ.”

ಶಟ್ಟೆವ್ವ ಎದ್ದು, ಚೇಳಿದೆಯೇ ಎಂದು ನೋಡುವವರ ಹಾಗೆ ಮೇಜಿನ ಬಟ್ಟೆ ಎತ್ತಿ ಕೆಳಗೆ ನೋಡಿದಳು. ಡೆಕ್ಕಿನ ಹಿಂದೆ ಕೈಯಾಡಿಸಿದಳು. ಆಮೇಲೆ ಕೂತಳು. ಹಾಡಿನಲ್ಲಿ ಒಬ್ಬ ಅಣ್ಣ ತಂಗಿಗೆ ನಿನ್ನ ಮೂಗುತಿ ಎಲ್ಲಿ ಹೋಯಿತು ಎಂದು ಕರುಳು ಕಿತ್ತು ಬರುವಂತೆ ಕೇಳುತ್ತಿದ್ದ.

“ವರ್ಷಕ್ಕೊಮ್ಮೆ ಬರತಿ, ಬಂದಕೂಡಲೆ ಮೂಗ ಯಾಕ ನೋಡ್ತಿಯೋ?” ಎಂದು ಸಿಡಿದಳು ಶಟ್ಟೆವ್ವ. “ಉಂಡಿಯೇನವಾ ಅಂತ ಕೇಳು ಮದಲ!”

ಬಾಗಿಲಲ್ಲಿ ನರ್ಮದಾಬಾಯಿ ಸೆರಗು ಬಾಯಿಗೆ ಹಚ್ಚಿಕೊಂಡರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಶಟ್ಟೆವ್ವನ ಮಗಳು ನಾಗರತ್ನಾಳಿಗೆ ರಾಮದುರ್ಗದಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆಂದು ಹೋದ ಶಟ್ಟೆವ್ವ ಅಲ್ಲೇ ಕೆಲವು ತಿಂಗಳು ನಿಂತಳು. ಒಂದು ಸಂತೆಯ ದಿನ ಮಡಿವಾಳೆಪ್ಪ ತಾನೇ ಬೆಣ್ಣೆ ತಂದ. ಯಾರ ಹತ್ತಿರವೂ ಮಾತಾಡದೆ ಹೇಗೆ ಮಾರಿದನೋ ತಿಳಿಯದು, ಮಾರಿದ. ಆಮೇಲೆ ಬಂದು ಸ್ವರಗಂಗಾದ ಮುಂದೆ ನಿಂತ. ಕುಲಕರ್ಣಿಯವರು ಒಳಗೆ ಕರೆದರು. ಬಂದು ಸ್ಟೂಲಿನ ಪಕ್ಕದಲ್ಲಿ ನಿಂತನೇ ಹೊರತು ಅದರ ಮೇಲೆ ಕೂರಲಿಲ್ಲ.

“ಅಕೀದು ಐತೇನ್ರಿ?”

“ಯಾರ್ದು?”

“ಅಕೀದು.”

ಕುಲಕರ್ಣಿಯವರು ಹುಡುಕಿ, ಎಲ್ಲೋ ಒಂದು ಉಳಿದಿದ್ದ, ಟೆಲಿಫೋನ್ ಹಿಡಿದ ಫೋಟೋದ ಕ್ಯಾಸೆಟ್ ತೆಗೆದುಕೊಟ್ಟರು. ಮಡಿವಾಳೆಪ್ಪ ಫೋಟೋವನ್ನು ಬಹಳ ಹೊತ್ತು ನೋಡಿ ಮರಳಿ ಕೊಟ್ಟ.

“ಇದು ಅಕೀದಲ್ರಿ. ಬಾಗಲಾ ಹಾಕೊಳ್ರಿ ಅಂತಾಳಲ್ಲ, ಅದು.” ಸ್ಟೂಲಿನ ಕಡೆ ನೋಡಿ, “ಮನಿ ಬಾಳ ಸುಮ್ಮ ಆಗೇತ್ರಿ” ಎಂದ.

ಅಷ್ಟು ಮಾತಿಗೆ ಆತನಿಗೆ ಬೆವರು ಬಂದಿತ್ತು. ಕುಲಕರ್ಣಿಯವರು ಯರಗಟ್ಟಿ ಕ್ಯಾಸೆಟ್ಟಿನ ಒಂದು ಒಳ್ಳೆಯ ಪ್ರತಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಆತ ದಿನಾ ಸಂಜೆ ಅದನ್ನು ಹಚ್ಚಿಕೊಂಡು ಕೂರುತ್ತಿದ್ದನಂತೆ. ಆ ಮಾತು ಬಂದ ಕೂಡಲೇ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಮತ್ತೆ ಕೂರುತ್ತಿದ್ದನಂತೆ. ನೆರೆಮನೆಯ ಕೆಂಪವ್ವ ಇದನ್ನು ರಾಮದುರ್ಗಕ್ಕೆ ಮುಟ್ಟಿಸಿದಳು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಬಂದ ಶಟ್ಟೆವ್ವ ಊರಿಗೆ ಹೋಗುವ ಮೊದಲೇ ನಮ್ಮ ಬಜಾರಿಗೆ ಬಂದಳು.

“ತಿಂಬಕಣ್ಣ, ಇದೇನ್ರಿ? ನಾ ಜಲ್ಮೆಲ್ಲ ಹೇಳಿದೆ, ಬಾಗಲಾ ಹಾಕಲಿಲ್ಲ. ಕ್ಯಾಸೆಟ್ ಹೇಳಿದ್ರ ಹಾಕತಾನ! ಎಮ್ಮಿ ಮೈ ತೊಳಿ ಅಂತನೂ ಅದರಾಗ ತುಂಬಿಕೊಡ್ರಿ.”

ಕುಲಕರ್ಣಿಯವರು ಅಕ್ಕಿ ಡಬ್ಬಿಯಿಂದ ಮೈಕು ತರಿಸಿದರು. ಎಮ್ಮೆಯ ಮೈ ತೊಳೆಯುವುದು, ಕಣಕಿ ಮೇವು ಹಾಕುವುದು, ಗುಳಿಗೆ ನುಂಗುವುದು, ಎಲ್ಲ ತುಂಬಿದರು. ಗಂಡನಿಗಾಗಿ ಮಾಡಿದ ಆ ಕ್ಯಾಸೆಟ್ಟಿನಲ್ಲಿ ಒಂದೇ ಒಂದು ‘ತಕ್ಕದ್ದು’ ಇರಲಿಲ್ಲ.

ಆಮೇಲೆ ಕ್ಯಾಸೆಟ್ಟಿನ ಕಾಲವೇ ಮುಗಿಯುತ್ತ ಬಂತು. ಮೊದಲು ಸೀಡಿ ಬಂದವು. ಅವುಗಳ ಹಿಂದೆಯೇ ಮೊಬೈಲು. ಕುಲಕರ್ಣಿಯವರು ಅರ್ಧ ಅಂಗಡಿಯಲ್ಲಿ ರೀಚಾರ್ಜ್ ಶುರುಮಾಡಿ, ಒಂದು ಕಂಪ್ಯೂಟರ್ ತಂದು, ‘ಇಲ್ಲಿ ಮೊಬೈಲ್ ಚಿಪ್ಪಿಗೆ ಹಾಡು ಹಾಕಿಕೊಡಲಾಗುವುದು’ ಎಂದು ಬೋರ್ಡು ಬರೆಸಿದರು. ನಿಜ ಹೇಳಬೇಕೆಂದರೆ ಅವರಿಗೆ ಅದರಲ್ಲಿ ಮನಸ್ಸಿರಲಿಲ್ಲ. ಹುಡುಗರು ಬಂದು ಹಾಡು ಕೇಳದೆಯೇ ನೂರಾರು ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ಶಟ್ಟೆವ್ವ ಮಾತ್ರ ತನ್ನ ಚಿಪ್ಪಿಗೆ ಹಾಕುವ ಒಂದೊಂದು ಹಾಡನ್ನೂ ಪೂರ್ತಿ ಕೇಳಿ, ವಿಚಾರಿಸಿ, ಒಪ್ಪಿಗೆಯಾದ ಮೇಲೆಯೇ ಹಾಕಿಸುತ್ತಿದ್ದಳು. ಒಂದು ಚಿಪ್ಪು ತುಂಬಲು ಎರಡು ವರ್ಷ ಹಿಡಿಯಿತು. ಅಷ್ಟು ಸಂತೆಗಳೂ ಕುಲಕರ್ಣಿಯವರ ಮುಖ ಗೆಲುವಾಗಿರುತ್ತಿತ್ತು.

ಆಕೆಯ ಮೊಬೈಲಿನ ತಂತಿಯನ್ನು ಕಿವಿಗೆ ಸಿಕ್ಕಿಸುವುದನ್ನು ನರ್ಮದಾಬಾಯಿಯವರೇ ಕಲಿಸಿಕೊಟ್ಟರು. ಇದರಿಂದ ಒಂದು ಅನುಕೂಲವಾಯಿತು. ಮೊದಲೆಲ್ಲ ಬಸ್ಸಿನಲ್ಲಿ ಶಟ್ಟೆವ್ವ ತನ್ನಷ್ಟಕ್ಕೆ ತಾನು ಮಾತಾಡಿದರೆ ಜನ ತಿರುಗಿ ನೋಡುತ್ತಿದ್ದರು. ಈಗ ಇಡೀ ಬಸ್ಸೇ ಹಾಗೆ ಮಾತಾಡುತ್ತಿತ್ತು, ಯಾರೂ ತಲೆ ಎತ್ತಲಿಲ್ಲ. ಹೋದ ಬಾರಿ ಆಕೆ ಧಾರವಾಡಕ್ಕೆ ಹೊರಟಾಗ ನಾನೂ ಅದೇ ಬಸ್ಸಿನಲ್ಲಿದ್ದೆ. ಆಕೆ ಮುಂದಿನ ಸೀಟಿನಲ್ಲಿ ಕೈಯಾಡಿಸುತ್ತ, “ಅಲ್ಲೋ, ನೀನ ಬಿಟ್ಟು ಬಂದು ಈಗ ಎಲ್ಲಿ ಅದಾಳಂತ ನನ್ನ ಕೇಳಿದ್ರ?” ಎಂದು ಯಾರಿಗೋ ಬುದ್ಧಿ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಕನಿಕರದಿಂದ ಬಾಗಿ, “ಮಗಾ ಏನ್ರಿ? ಸಂಸಾರದಾಗ ತ್ರಾಸ ಏನು?” ಎಂದು ಕೇಳಿದಳು.

“ನನ್ನ ಮಗಾ ಅಲ್ಲವಾ, ಹಾಡಾಂವ” ಎಂದಳು ಶಟ್ಟೆವ್ವ. ಒಂದು ಕಿವಿಯ ತಂತಿ ತೆಗೆದು ಆಕೆಯ ಕಿವಿಗೆ ಸಿಕ್ಕಿಸಿದಳು. “ಹಿಡಿ, ನೀನೂ ನಾಕು ಮಾತು ಹೇಳು. ನನ್ನ ಮಾತು ಕೇಳವಲ್ಲ.”